ಪೈಪಿನ ಕವಚ

ಹೋದ ವರ್ಷ ಹುಣಸೂರು ತಾಲ್ಲೂಕಿನ ಒಂದು ಶಾಲೆಗೆ ಪ್ರತಿಭಾ ಕಾರಂಜಿಯ ತೀರ್ಪುಗಾರನಾಗಿ ಹೋಗಿದ್ದೆ. ಛದ್ಮವೇಷದ ಸರದಿ. ಒನಕೆ ಓಬವ್ವ ಬಂದಳು, ಸಂಗೊಳ್ಳಿ ರಾಯಣ್ಣ ಬಂದ, ಕಿತ್ತೂರು ಚೆನ್ನಮ್ಮ ಬಂದಳು. ಹೆಚ್ಚಿನವು ಬಾಡಿಗೆ ಅಂಗಡಿಯ ಡ್ರೆಸ್ಸುಗಳು. ಮುಂದಿನಿಂದ ರಾಜಗಾಂಭೀರ್ಯ, ಹಿಂದೆ ಸಾಲು ಸಾಲು ಪಿನ್ನು. ದೊಡ್ಡವರ ಅಳತೆಯ ಕಿರೀಟವನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಮಕ್ಕಳು ಮಾತು ಒಪ್ಪಿಸುತ್ತಿದ್ದರು.

ನಡುವೆ ಒಬ್ಬ ಕರ್ಣ ಬಂದ. ಅವನ ಎದೆಕವಚವನ್ನು ಪೇಂಟಿನ ಬಕೆಟ್ಟಿನಿಂದ ಕತ್ತರಿಸಿದ್ದರು. ಬಂಗಾರದ ಬಣ್ಣದ ಅಡಿಯಲ್ಲಿ ಕಂಪನಿಯ ಅಕ್ಷರಗಳು ಮಸುಕಾಗಿ ಕಾಣುತ್ತಿದ್ದವು, ಅಂಚಿನಲ್ಲಿ ಬಣ್ಣ ಆಗಲೇ ಪದರ ಏಳುತ್ತಿತ್ತು. ಪಕ್ಕದ ತೀರ್ಪುಗಾರರು ‘ವೇಷಭೂಷಣ’ದ ಕಾಲಮ್ಮಿನಲ್ಲಿ ಅಂಕ ಬರೆದು ಮುಗಿಸಿದ್ದರು. ಅಷ್ಟರಲ್ಲಿ ಹುಡುಗ ಬಾಣ ಬಿಡಲು ತೋಳೆತ್ತಿದ. ಭುಜದ ಮೇಲಿನ ಪಟ್ಟಿ ತೋಳಿನ ಜೊತೆ ಮೇಲೆದ್ದು, ಅವನು ಕೈ ಇಳಿಸಿದಾಗ ತಾನೇ ಜಾಗಕ್ಕೆ ಬಂದು ಕೂತಿತು. ಎದೆಕವಚ ಅಲ್ಲಾಡಲಿಲ್ಲ. ಭುಜಪಟ್ಟಿಯನ್ನು ಎದೆಗೆ ಬಿಗಿಯದೆ, ಹೆಗಲ ಮೇಲಿನ ವಾರಿಗೆ ತೂಗುಹಾಕಿದ್ದರು. ಇದು ಕೆಲಸ ಬಲ್ಲವರ ಕೈ ಎಂದುಕೊಂಡೆ.

ಅವನು ಇಳಿದು ಬಂದ ಮೇಲೆ ಕೇಳಿದೆ, “ಯಾರಪ್ಪ ಮಾಡ್ಕೊಟ್ಟಿದ್ದು?”

“ನಮ್ ತಾತ ಸಾ.”

“ತಾತ ಏನ್ ಕೆಲ್ಸ ಮಾಡ್ತಾರೆ?”

“ತೋಟಕ್ಕೆ ಪೈಪ್‌ಲೈನ್ ಹಾಕ್ತಾರೆ ಸಾ.”

ಆ ತಾತ ನನಗೆ ಗೊತ್ತಿದ್ದವರಲ್ಲ, ಬೇರೆ ಕಡೆಯವರು. ಆದರೆ ಪೈಪು ಹಾಕುವ ಇನ್ನೊಬ್ಬರನ್ನು ನಾನು ಬಲ್ಲೆ. ಹುಣಸೂರು, ಪಿರಿಯಾಪಟ್ಟಣದ ನಡುವಿನ ನಮ್ಮೂರಿನಲ್ಲಿ 1991ರ ಬೇಸಿಗೆಯ ಮೊದಲಲ್ಲಿ ಅವರು ಒಂದು ಸೈನ್ಯಕ್ಕಾಗುವಷ್ಟು ಕವಚ ಮಾಡಿದ್ದರು. ಆ ಸೈನ್ಯದಲ್ಲಿ ನಾನೂ ಇದ್ದೆ.

ನಮ್ಮದು ಹೊಗೆಸೊಪ್ಪಿನ ಸೀಮೆ. ಮುಂಗಾರಿನಲ್ಲಿ ನಾಟಿ, ಆಮೇಲೆ ಎಲೆ ಮುರಿಯುವುದು, ಕಡ್ಡಿಗೆ ಕಟ್ಟುವುದು, ಬ್ಯಾರನ್ನಿನಲ್ಲಿ ಬೇಯಿಸುವುದು, ಕೊನೆಗೆ ಬೇಲು ಕಟ್ಟಿ ಹರಾಜಿಗೆ ಒಯ್ಯುವುದು. ತಂಬಾಕು ಮಂಡಳಿಯ ಹರಾಜು ಕಟ್ಟೆಗಳು ಬಂದ ಮೇಲೆ ದುಡ್ಡು ಒಂದು ಕಾಲಕ್ಕೆ ಒಟ್ಟಾಗಿ ಕೈಗೆ ಬರತೊಡಗಿತ್ತು. ಕೈಯಲ್ಲಿ ಕಾಸು, ಹೊಲದಲ್ಲಿ ಬಿಡುವು, ಎರಡೂ ಕೂಡಿ ಬರುವುದು ಶಿವರಾತ್ರಿಯಿಂದ ಯುಗಾದಿಯವರೆಗೆ. ನಾಟಕ ಕಲಿಯುವುದೂ ಆಗಲೇ. ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಕಡೆಯ ನೆಂಟರ ಊರುಗಳಲ್ಲೂ ಇದೇ ಕಥೆ. ಯಾವ ಊರಿಗೆ ಹೋದರೂ ಸಂಜೆ ದೇವಸ್ಥಾನದ ಪಕ್ಕದ ಕೊಟ್ಟಿಗೆಯಲ್ಲಿ ಹಾರ್ಮೋನಿಯಂ, ಯಾವ ಊರಲ್ಲಿ ಕೇಳಿದರೂ ‘ಕುರುಕ್ಷೇತ್ರ’.

ಈ ಹುಚ್ಚಿನ ಬೇರು ಕಂಪನಿ ನಾಟಕಗಳಲ್ಲಿದೆ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ವೀರಣ್ಣನವರ ಕಾಲದಲ್ಲಿ ಕುರುಕ್ಷೇತ್ರಕ್ಕೆ ಜೀವಂತ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಅದನ್ನು ಕಣ್ಣಾರೆ ಕಂಡವರಿಂದ ಕೇಳಿದವರು ನಮ್ಮ ಅಜ್ಜಂದಿರು. ನಮಗೆ ಅದಕ್ಕಿಂತ ಹತ್ತಿರದ ಹೆಮ್ಮೆ ಇನ್ನೊಂದಿತ್ತು. ವೃತ್ತಿ ರಂಗಭೂಮಿಯಿಂದ ಸಿನಿಮಾಕ್ಕೆ ಹೋದ ಹುಣಸೂರು ಕೃಷ್ಣಮೂರ್ತಿಯವರು ನಮ್ಮ ತಾಲ್ಲೂಕಿನ ಹೆಸರನ್ನು ತಮ್ಮ ಹೆಸರಿನ ಮುಂದಿಟ್ಟುಕೊಂಡಿದ್ದರು. ಅವರು ನಿರ್ದೇಶಿಸಿದ, ರಾಜ್‌ಕುಮಾರ್ ಅರ್ಜುನನೂ ಬಭ್ರುವಾಹನನೂ ಆದ 1977ರ ‘ಬಭ್ರುವಾಹನ’ವನ್ನು ನಮ್ಮೂರವರು ಟೆಂಟಿನಲ್ಲಿ ಬಾಯಿಪಾಠ ಆಗುವಷ್ಟು ನೋಡಿದ್ದರು.

ವೇಷದ ವಿಷಯಕ್ಕೆ ಬಂದರೆ, ಅಜ್ಜನ ಕಾಲದ ಮೂಡಲಪಾಯ ಬಯಲಾಟದಲ್ಲಿ ಭುಜಕೀರ್ತಿ, ಎದೆಪದಕ ಎಲ್ಲ ಹಗುರ ಮರದವು, ಮೇಲೆ ಬೇಗಡೆ, ಕನ್ನಡಿ ಚೂರು. ಅಪ್ಪನ ಕಾಲಕ್ಕೆ ಅವು ಮೂಲೆ ಸೇರಿ ಪಟ್ಟಣದ ಡ್ರಾಮಾ ಸೀನ್ಸ್ ಅಂಗಡಿಯ ಬಾಡಿಗೆ ಸಾಮಾನು ಬಂತು. ವೆಲ್ವೆಟ್ ಕೋಟು, ಜರಿ, ಜಮಕಿ, ಡಾಬು, ಕಿರೀಟ. ಪರದೆ, ಲೈಟು, ಮೇಕಪ್ಪಿನವರು, ಜೊತೆಗೆ ದ್ರೌಪದಿ ಕುಂತಿಯರ ಪಾತ್ರಕ್ಕೆ ಪೇಟೆಯಿಂದ ಬರುವ ಕಲಾವಿದೆಯರು, ಎಲ್ಲಕ್ಕೂ ಸೇರಿಸಿ ಲೆಕ್ಕ. ಆ ಲೆಕ್ಕವನ್ನು ಪಾತ್ರಗಳ ಮೇಲೆ ಹಂಚುತ್ತಿದ್ದರು. ಕೃಷ್ಣನಿಗೆ ಇಷ್ಟು, ದುರ್ಯೋಧನನಿಗೆ ಇಷ್ಟು, ಭೀಮನಿಗೆ ಇಷ್ಟು. ಹೆಚ್ಚು ಕೊಡುವವರು ಇಬ್ಬರು ಮೂವರಿದ್ದರೆ ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ದೃಶ್ಯ ಹಂಚಿಬಿಡುವುದು. ಕಂಠವಿದ್ದು ಕಾಸಿಲ್ಲದವನು ದೂತನಾಗುತ್ತಿದ್ದ, ಕಾಸಿದ್ದು ಕಂಠವಿಲ್ಲದವನು ಗೀತೆ ಬೋಧಿಸುತ್ತಿದ್ದ. ಇದನ್ನು ಯಾರೂ ಅನ್ಯಾಯವೆಂದು ಆಡಿದ್ದು ನನ್ನ ಕಿವಿಗೆ ಬೀಳಲಿಲ್ಲ. ಖರ್ಚು ಹಾಕಿದವನದು ಪಾತ್ರ, ಅಷ್ಟೇ.

ಸೈನಿಕರಿಗೆ ಈ ಲೆಕ್ಕದಲ್ಲಿ ಜಾಗವಿರಲಿಲ್ಲ. ಹಿಂದಿನ ನಾಟಕಗಳಲ್ಲಿ ಸೈನಿಕರೇ ಇರುತ್ತಿರಲಿಲ್ಲ ಎನ್ನಬೇಕು. ಹದಿನೆಂಟು ಅಕ್ಷೋಹಿಣಿಯ ಪರವಾಗಿ ಪಂಜು ಹಿಡಿದ ಇಬ್ಬರು ನಿಂತಿರುತ್ತಿದ್ದರು. ಅದು ಸಾಲದು ಎನಿಸುವಂತೆ ಮಾಡಿದ್ದು ಟೀವಿ. 1988ರ ಅಕ್ಟೋಬರಿನಿಂದ 1990ರ ಜೂನಿನವರೆಗೆ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಬಿ.ಆರ್. ಚೋಪ್ರಾ ಅವರ ‘ಮಹಾಭಾರತ್’ ಬಂತು. ಜಗುಲಿಯೊಂದರ ಮೇಲಿದ್ದ ಊರಿನ ಒಂದೇ ಕಪ್ಪುಬಿಳುಪು ಟೀವಿಯ ಮುಂದೆ ಊರೇ ಕೂರುತ್ತಿತ್ತು. ಹಿಂದಿ ಯಾರಿಗೂ ಬಾರದು, ಕಥೆ ಎಲ್ಲರಿಗೂ ಗೊತ್ತು. ಅಲ್ಲಿನ ಯೋಧರ ಎದೆಯ ಮೇಲೆ ವೆಲ್ವೆಟ್ ಇರಲಿಲ್ಲ, ಲೋಹದಂತೆ ಹೊಳೆಯುವ ಗಟ್ಟಿ ಕವಚವಿತ್ತು. ತೋಳಿಗೆ, ಮೊಣಕಾಲ ಕೆಳಗೆ ಪಟ್ಟಿಗಳಿದ್ದವು. ಸಾಯುವ ಸೈನಿಕನಿಗೂ ಕವಚ! ಮುಂದಿನ ವರ್ಷ ನಾಟಕ ಕಲಿಯಲು ಕೂತಾಗ, ಚಕ್ರವ್ಯೂಹದಲ್ಲಿ ಅಭಿಮನ್ಯುವಿನ ಸುತ್ತ ನಿಜವಾದ ಸೈನ್ಯ ಇರಲೇಬೇಕೆಂದು ಹಿರಿಯರೇ ಹಟ ಹಿಡಿದರು. ಹೈಸ್ಕೂಲು ಹುಡುಗರಾದ ನಾವು ಸೈನ್ಯ. ಸೀನ್ಸ್ ಅಂಗಡಿಯವನು ಅಷ್ಟು ಕವಚಕ್ಕೆ ಹೇಳಿದ ಬಾಡಿಗೆ ಕೇಳಿ ಸಮಿತಿಯವರು ವಾಪಸ್ ಬಸ್ಸು ಹತ್ತಿದರು.

ಆಗ ಒಬ್ಬರ ನೆನಪಾಯಿತು.

ನಮ್ಮ ಕಡೆ ಬೋರು ಕೊರೆಸುವುದು ಹೆಚ್ಚಾಗಿದ್ದ ಕಾಲ ಅದು. ಕೃಷ್ಣರಾಜನಗರದ ನಮ್ಮ ನೆಂಟರಿಗೆ ಚಾಮರಾಜ ನಾಲೆಯ ನೀರು ಹೊಲದ ಬದಿಗೇ ಹರಿದು ಬರುತ್ತಿತ್ತು. ನಮಗೆ ನೀರು ಬರಬೇಕಾದದ್ದು ಪೈಪಿನಲ್ಲಿ. ಹಾಗಾಗಿ ಊರ ತುಂಬ ಬೂದು ಬಣ್ಣದ ಪಿವಿಸಿ ಪೈಪು, ಅದನ್ನು ಹಾಕಲು ಕೇರಿಯ ಒಬ್ಬರು. ಅವರು ಜೋಡಣೆಗೆ ಅಂಗಡಿಯ ಕಾಲರು ತರುತ್ತಿರಲಿಲ್ಲ. ತೆಂಗಿನ ಸೋಗೆ ಉರಿಸಿ, ಪೈಪಿನ ತುದಿಯನ್ನು ಬೆಂಕಿಯ ಮೇಲೆ ತಿರುಗಿಸುತ್ತಾ ಕಾಯಿಸಿ, ಮೆತ್ತಗಾದ ಕೂಡಲೇ ಇನ್ನೊಂದು ಪೈಪಿನ ತುದಿಗೆ ತಳ್ಳುತ್ತಿದ್ದರು. ಆರಿದ ಮೇಲೆ ಅದು ತಾನೇ ಬಾಯಿ ಅಗಲಿಸಿಕೊಂಡು ಹುಟ್ಟಿದ್ದೇನೋ ಎಂಬಂತೆ ಕೂರುತ್ತಿತ್ತು. ಬಗ್ಗಿಸಬೇಕಾದರೆ ಒಳಗೆ ಬಿಸಿ ಮರಳು ತುಂಬಿ ಬಗ್ಗಿಸುತ್ತಿದ್ದರು, ಮಡಿಕೆ ಬೀಳುತ್ತಿರಲಿಲ್ಲ. ಪಿವಿಸಿ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆತ್ತಗಾಗುತ್ತದೆ ಎಂಬುದನ್ನು ನಾನು ಓದಿದ್ದು ಎಷ್ಟೋ ವರ್ಷದ ಮೇಲೆ. ಬ್ಯಾರನ್ನಿನ ಹೊಗೆಕೊಳವೆಯ ಪಕ್ಕ ಯಾರೋ ಒರಗಿಸಿಟ್ಟ ಪೈಪು ಸೊಟ್ಟಗಾದದ್ದನ್ನು ಕಂಡೇ ಅವರು ಅದನ್ನು ಅರಿತಿದ್ದರು. “ಬೆಂಕಿ ತಗುಲ್ಬಾರ್ದು, ಕಾವು ತಗುಲ್ಬೇಕು” ಎನ್ನುವುದು ಅವರ ಮಾತು. ಬೆಂಕಿ ತಗುಲಿದರೆ ಪೈಪು ಕಂದುಗಟ್ಟಿ ಗುಳ್ಳೆ ಏಳುತ್ತದೆ.

ತೋಟಗಳಲ್ಲಿ ಒಡೆದು ಬಿದ್ದಿದ್ದ ನಾಲ್ಕಿಂಚಿನ ಪೈಪುಗಳನ್ನು ನಾವು ಹುಡುಗರು ಹೊತ್ತು ತಂದೆವು. ಅವರು ಹ್ಯಾಕ್ಸಾದಿಂದ ಉದ್ದಕ್ಕೆ ಒಂದೇ ಗೀರು ಕೊಯ್ದರು. ಸೋಗೆಯ ಉರಿ ಇಳಿದು ಕೆಂಡವಾದ ಮೇಲೆ ಅದರ ಮೇಲೆ ಆಡಿಸುತ್ತಾ ಹೋದರೆ, ಗಡುಸು ಪೈಪು ಊಟದ ಎಲೆ ಬಾಡಿಸಿದಂತೆ ಮೆಲ್ಲನೆ ಬಿಚ್ಚಿಕೊಳ್ಳುತ್ತಿತ್ತು. ಕೂಡಲೇ ಎರಡು ಹಲಗೆಗಳ ನಡುವೆ ಇಟ್ಟು ಮೇಲೆ ಇಬ್ಬರು ಹುಡುಗರನ್ನು ನಿಲ್ಲಿಸುವುದು. ನಾಲ್ಕಿಂಚಿನ ಪೈಪಿನ ಹೊರವ್ಯಾಸ 110 ಮಿಲಿಮೀಟರು. ಬಿಚ್ಚಿದರೆ ಸುಮಾರು 34 ಸೆಂಟಿಮೀಟರು ಅಗಲದ ಹಾಳೆ. ಹದಿನಾಲ್ಕರ ಹುಡುಗನ ಎದೆಯ ಮುಂಭಾಗಕ್ಕೆ ಅದು ಹೇಳಿ ಮಾಡಿಸಿದ ಅಗಲ. ಬೆನ್ನಿಗೆ ಇನ್ನೊಂದು. ಎರಡೂವರೆ ಇಂಚಿನ ಪೈಪನ್ನು ಸೀಳಿ ಬಾಯಿ ಸ್ವಲ್ಪ ಅಗಲಿಸಿದರೆ ಮುಂಗೈಪಟ್ಟಿ, ನಾಲ್ಕಿಂಚಿನದನ್ನು ಅರ್ಧಕ್ಕೆ ಸೀಳಿದರೆ ಕಾಲುಪಟ್ಟಿ.

ತಲೆಗೆ ಮಾತ್ರ ಪೈಪು ಆಗದು. ಮನೆ ಮನೆಯಿಂದ ಒಡೆದ ಪ್ಲಾಸ್ಟಿಕ್ ಕೊಡ ಬಂದವು. ಹಿತ್ತಾಳೆ, ಸ್ಟೀಲು ಕೊಡಗಳ ಜಾಗಕ್ಕೆ ಪ್ಲಾಸ್ಟಿಕ್ ಬಂದು ಆಗಲೇ ಕೆಲವು ವರ್ಷವಾಗಿತ್ತು. ತಳದ ಅರ್ಧ ಕೊಯ್ದು ಬೋರಲು ಹಾಕಿದರೆ ಶಿರಸ್ತ್ರಾಣ. ಕೊಡದ ಪ್ಲಾಸ್ಟಿಕ್ ಬೇರೆ ಜಾತಿಯದು, ಅದಕ್ಕೆ ಬಣ್ಣ ಹಿಡಿಯುವುದಿಲ್ಲ. ಪೈಪನ್ನು ಉಪ್ಪುಕಾಗದದಲ್ಲಿ ಉಜ್ಜಿ ಅಲ್ಯುಮಿನಿಯಂ ಪೇಂಟು ಹೊಡೆದರೆ ನಿಲ್ಲುತ್ತಿತ್ತು. ಕೊಡವನ್ನು ಎಷ್ಟು ಉಜ್ಜಿದರೂ ಬೆವರು ತಾಗಿದೊಡನೆ ಬೆಳ್ಳಿಯೆಲ್ಲ ಕೂದಲಿಗೆ. ಕೊನೆಗೆ ಹಳೆಯ ಲಂಗದ ಬಟ್ಟೆಯನ್ನು ಟೋಪಿಯಂತೆ ಹೊಲಿದು ತೊಡಿಸಿ ಅದರ ಮೇಲೆ ಬೇಗಡೆ ಅಂಟಿಸಿದರು.

ಅಳತೆ ತೆಗೆಯುವುದು ಹೇಗಿತ್ತೆಂದರೆ, ಅವರು ನಮ್ಮನ್ನು ಅಳೆಯಲೇ ಇಲ್ಲ. ಹೊಗೆಸೊಪ್ಪು ಕಟ್ಟುವ ದಾರದ ತುಂಡುಗಳನ್ನು ಕಳಿಸಿದರು. ಎದೆಯ ಸುತ್ತಿಗೆ ಒಂದು ಗಂಟು, ಹೆಗಲಿನಿಂದ ಸೊಂಟಕ್ಕೆ ಎರಡು ಗಂಟು, ತೋಳಿಗೆ ಮೂರು ಗಂಟು. ಮನೆಯಲ್ಲಿ ಅಮ್ಮನೋ ಅಕ್ಕನೋ ಸುತ್ತಿ ನೋಡಿ ಗಂಟು ಹಾಕಿ ಕೊಡಬೇಕು. ಪ್ರತಿಯೊಬ್ಬನ ದಾರಕ್ಕೂ ಬೇರೆ ಬೇರೆ ಬಣ್ಣದ ಚಿಂದಿ. ಅವರು ಕವಚ ಮಾಡುತ್ತಿದ್ದ ತೋಟದ ಪಂಪ್‌ಹೌಸಿನ ಗೂಟಕ್ಕೆ ಅವು ಸಾಲಾಗಿ ನೇತಾಡುತ್ತಿದ್ದವು. ಎಂಥ ಚೊಕ್ಕ ವಿಧಾನ ಎಂದು ನಾವು ಬೆರಗಾಗಿದ್ದೆವು. ಎಷ್ಟೋ ವರ್ಷದ ಮೇಲೆ, ನಾನು ಮೇಷ್ಟ್ರಾಗಿ ಅವರು ಮೈಸೂರಿನಲ್ಲಿ ಕಟ್ಟಡಗಳಿಗೆ ಪೈಪು ಹಾಕುತ್ತಿದ್ದಾಗ ಸಿಕ್ಕಿ ಮಾತಾಡುತ್ತಾ, ಆ ದಾರದ ಉಪಾಯ ಹೊಳೆದದ್ದು ಹೇಗೆಂದು ಕೇಳಿದೆ. “ಅಳ್ತೆ ತಗೊಳ್ಳಕ್ಕೆ ನಿಮ್ ಜಗುಲಿ ಹತ್ಬೇಕಿತ್ತಲ್ಲ ಮೇಷ್ಟ್ರೇ” ಎಂದರು. ನಗುತ್ತಲೇ ಎಂದರು.

ಆದರೆ ದಾರದ ಅಳತೆ ಒಂದು ಮಟ್ಟಕ್ಕೆ ಮಾತ್ರ ಬರುತ್ತದೆ. ಸುತ್ತಳತೆ ಸರಿಯಿದ್ದರೂ ಎದೆಯ ಉಬ್ಬು, ಹೆಗಲಿನ ಇಳಿಜಾರು ಅದರಲ್ಲಿ ಸಿಗದು. ಕವಚ ಮೈಗೆ ಕೂರಬೇಕಾದರೆ ಹಾಳೆ ಬಿಸಿಯಿದ್ದಾಗಲೇ ಮೈಮೇಲೆ ಒತ್ತಬೇಕು. ಪಂಪ್‌ಹೌಸಿನ ಮುಂದೆ ನಮ್ಮನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿ, ಅಂಗಿಯ ಮೇಲೆ ನೆನೆಸಿ ಹಿಂಡಿದ ಗೋಣಿಚೀಲ ಸುತ್ತಿಸಿ, ಕೆಂಡದಿಂದ ತೆಗೆದ ಹಾಳೆಯನ್ನು ಎದೆಗಿಟ್ಟು ಎರಡೂ ಅಂಗೈಯಲ್ಲಿ ಒತ್ತಿ ಹಿಡಿಯುತ್ತಿದ್ದರು. ಆಗ ಯೋಚಿಸಲು ಹೊತ್ತಿರುವುದಿಲ್ಲ. ಪಿವಿಸಿ ಒಂದೆರಡು ನಿಮಿಷದಲ್ಲಿ ಮತ್ತೆ ಗಡುಸಾಗುತ್ತದೆ. “ಉಸ್ರು ಎಳ್ಕೊಂಡು ನಿಂತ್ಕೊ ಮಗ, ಬಿಡು ಅನ್ನೋಗಂಟ ಬಿಡ್ಬ್ಯಾಡ.” ಎಳೆದ ಉಸಿರಿಗೆ ಅಳತೆ ಹಿಡಿದರೆ ಆಮೇಲೆ ಕುಣಿದು ಏದುಸಿರು ಬಂದಾಗ ಕವಚ ಒತ್ತುವುದಿಲ್ಲ. ಗೋಣಿಯಿಂದ ಹಬೆ ಏಳುತ್ತಿತ್ತು. ತೋಟದಲ್ಲಿ ಬೇರೆ ಹಿರಿಯರು ಯಾರೂ ಇರುತ್ತಿರಲಿಲ್ಲ. ಆ ಒಂದೆರಡು ನಿಮಿಷ ಮುಟ್ಟುವುದು ಮುಟ್ಟದಿರುವುದು ಯಾರ ತಲೆಯಲ್ಲೂ ಬರಲಿಲ್ಲ.

ಅವರಿಂದ ಕಲಿತದ್ದು ಇವತ್ತಿಗೂ ನೆನಪಿದೆ. ಎದೆಕವಚ ಹೊಕ್ಕುಳಿಗಿಂತ ಎರಡು ಬೆರಳು ಮೇಲಕ್ಕೇ ನಿಲ್ಲಬೇಕು, ಕೆಳಗಿಳಿದರೆ ಕೂತಾಗ ಅದರ ಮೇಲಂಚು ಗಂಟಲಿಗೆ ಗುದ್ದುತ್ತದೆ. ಕಂಕುಳ ಹತ್ತಿರ ಅರ್ಧಚಂದ್ರಾಕಾರ ಕೊಯ್ದು ತೆಗೆಯಬೇಕು, ಇಲ್ಲದಿದ್ದರೆ ಈಟಿ ಎತ್ತಲಾಗದು. ಭುಜಪಟ್ಟಿಯನ್ನು ಎದೆಗೆ ಬಿಗಿಯಬಾರದು, ಹೆಗಲಿನಿಂದ ತೂಗಬೇಕು. ಅಂಚುಗಳಿಗೆ ಸೀಳಿದ ಸೈಕಲ್ ಟ್ಯೂಬು, ಹೆಗಲಡಿಗೆ ಹಳೆ ಕಂಬಳಿಯ ತುಂಡು. ಎಲ್ಲ ಮುಗಿದ ಮೇಲೆ ಪರೀಕ್ಷೆ: ಕೈಯೆತ್ತು, ಕೂರು, ಬಗ್ಗಿ ನೆಲ ಮುಟ್ಟು, ಓಡು. ನಾಲ್ಕರಲ್ಲಿ ಒಂದಕ್ಕೆ ಮುಖ ಕಿವುಚಿದರೂ ಬಿಚ್ಚಿಸಿ ಮತ್ತೆ ಕಾಯಿಸುತ್ತಿದ್ದರು. ಒಮ್ಮೆ ನಾವು ಬೇಸತ್ತು ಸಾಕು ಎಂದಾಗ, “ಅಳ್ತೆ ಇಲ್ದೇ ಸರಿಹೋದ್ದು ಕರ್ಣಂದು ಒಂದೇಯ. ಹುಟ್ತಾನೇ ತಂದಿದ್ದ” ಎಂದರು.

ಎದೆ ಮತ್ತು ಬೆನ್ನಿನ ಹಾಳೆಗಳಿಗೆ ಕಾದ ಮೊಳೆಯಿಂದ ತೂತು ಹಾಕಿ ದಾರದಿಂದ ಹೆಣೆಯಬೇಕಿತ್ತು. ಅದು ಹೆಂಗಸರ ಪಾಲಿಗೆ ಬಂತು. ಹೊಗೆಸೊಪ್ಪಿನ ಎಲೆಗಳನ್ನು ಕಡ್ಡಿಯ ಎರಡೂ ಬದಿಗೆ ಸರಸರ ಕಟ್ಟಿ ಪಳಗಿದ ಬೆರಳುಗಳು ಅವು. ಬಿಗಿಯಾಗಿ ನಿಲ್ಲುವ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟು ಅವರಿಗೆ ಗೊತ್ತಿತ್ತು. ನಮ್ಮಕ್ಕ ನನ್ನ ಕವಚ ಹೆಣೆಯುತ್ತಾ ಅಭಿಮನ್ಯುವಿನ ಮಾತುಗಳನ್ನೆಲ್ಲ ಒಂದೂ ತಪ್ಪದೆ ಹೇಳುತ್ತಿದ್ದಳು. ಕೊಟ್ಟಿಗೆಯ ಗೋಡೆಯಾಚೆ ಕೇಳಿ ಕೇಳಿ ಕಲಿತದ್ದು. ಮಾತು ಮರೆಯುತ್ತಿದ್ದ ಅಭಿಮನ್ಯು ಪಾತ್ರಧಾರಿ ಇವಳ ಹತ್ತಿರ ಗುಟ್ಟಾಗಿ ಪಾಠ ಹೇಳಿಸಿಕೊಂಡು ಹೋಗುತ್ತಿದ್ದ. ಅವಳು ರಂಗ ಹತ್ತುವ ಮಾತೇ ಇರಲಿಲ್ಲ.

ನಾಟಕದ ರಾತ್ರಿ ಬಂತು. ಅರದಾಳ, ಸಫೇದ ಬಳಿಸಿಕೊಂಡು, ಕಾಡಿಗೆ ಮೀಸೆ ಬರೆಸಿಕೊಂಡು, ನಾವು ಕವಚ ತೊಟ್ಟು ಸೀನಿನ ಹಿಂದೆ ಸಾಲಾಗಿ ನಿಂತೆವು. ನಮ್ಮ ಸರದಿ ಬರುವಾಗ ನಡುರಾತ್ರಿ ದಾಟಿತ್ತು. ಬಣ್ಣದ ಲೈಟು ಅಲ್ಯುಮಿನಿಯಂ ಪೇಂಟಿನ ಮೇಲೆ ಬಿದ್ದ ಕ್ಷಣ ಜನ ‘ಹೋ’ ಎಂದರು. ದುರ್ಯೋಧನನ ವೆಲ್ವೆಟ್ಟು ನಮ್ಮ ಪಕ್ಕದಲ್ಲಿ ಮಂಕಾಗಿ ಕಂಡಿತು. ಅವನು ಕೊಟ್ಟ ದುಡ್ಡಿಗೆ ಅದು ತಕ್ಕದ್ದಾಗಿರಲಿಲ್ಲ, ಮುಖದಲ್ಲಿ ಅದು ಕಾಣುತ್ತಿತ್ತು.

ಮುಂದಿನದು ಅಷ್ಟು ಭವ್ಯವಾಗಿರಲಿಲ್ಲ. ನಾವು ವ್ಯೂಹ ಕಟ್ಟಲು ಓಡಿದಾಗ ಪೈಪುಗಳು ಒಂದಕ್ಕೊಂದು ತಾಗಿ ಟಕಟಕ ಸದ್ದಾಗಿ, ಮೈಕು ಅದನ್ನೇ ಹಿಡಿದು ಊರಿಗೆಲ್ಲ ಕೇಳಿಸಿತು. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಬಿಟ್ಟು ನಮ್ಮತ್ತ ಕೆಂಗಣ್ಣು ಬಿಟ್ಟರು. ಅಭಿಮನ್ಯುವಿನ ಬಾಣಕ್ಕೆ ನಾವು ಸತ್ತು ಬೀಳಬೇಕಿತ್ತಲ್ಲ, ಬಿದ್ದೆವು. ಬೆನ್ನಿನ ಹಾಳೆ ಉಬ್ಬಾಗಿದ್ದುದರಿಂದ ಅಂಗಾತ ಬಿದ್ದವರು ಸತ್ತ ಮೇಲೂ ಅತ್ತಿತ್ತ ತೂಗುತ್ತಿದ್ದರು. ಪರದೆ ಎಳೆಯುವವನು ನಗುತ್ತಾ ಹಗ್ಗ ಬಿಟ್ಟುಬಿಟ್ಟ. ನನ್ನ ಪಕ್ಕದ ಹೆಣ “ಎತ್ರೋ ನನ್ನ” ಎಂದು ಪಿಸುಗುಟ್ಟಿದ್ದನ್ನೂ ಮೈಕು ಬಿಡಲಿಲ್ಲ. ಅಷ್ಟೆಲ್ಲ ಪರೀಕ್ಷೆಯಲ್ಲಿ ಸಾಯುವುದನ್ನು ಸೇರಿಸಿರಲಿಲ್ಲ.

ಇಂಥ ಪಾಡು ನಮಗೊಬ್ಬರಿಗೇ ಅಲ್ಲ ಎಂದು ತಿಳಿದದ್ದು ಕಾಲೇಜು ಮುಗಿದ ಮೇಲೆ. ನಮ್ಮ ‘ಬಭ್ರುವಾಹನ’ ಬಂದ 1977ರಲ್ಲೇ ಅತ್ತ ‘ಸ್ಟಾರ್ ವಾರ್ಸ್’ ತೆರೆಕಂಡಿತ್ತು. ಅದರ ಬಿಳಿ ಕವಚದ ಸೈನಿಕರ ಉಡುಪು ಪ್ಲಾಸ್ಟಿಕ್ಕಿನದು. ಕಾಯಿಸಿದ ತೆಳು ಹಾಳೆಯನ್ನು ಅಚ್ಚಿನ ಮೇಲೆ ಹಾಸಿ, ಅಡಿಯಿಂದ ಗಾಳಿ ಎಳೆದು ಅಚ್ಚಿಗೆ ಅಂಟಿಸುವ ವಿಧಾನ. ಅಲ್ಲೂ ಪ್ಲಾಸ್ಟಿಕ್ ಬಂದದ್ದು ಹೆಸರಿಲ್ಲದ ಸೈನಿಕರ ಪಾಲಿಗೆ, ನಾಯಕನಿಗೆ ಬಟ್ಟೆ. ಅದರೊಳಗೆ ಕಣ್ಣೂ ಸರಿಯಾಗಿ ಕಾಣದೆ ಒಬ್ಬ ಸೈನಿಕ ಬಾಗಿಲಿಗೆ ತಲೆ ಬಡಿಸಿಕೊಳ್ಳುವುದು ಸಿನಿಮಾದಲ್ಲಿ ಹಾಗೇ ಉಳಿದಿದೆ. ಆ ಕವಚವನ್ನು ಮನೆಯಲ್ಲೇ ಮಾಡಿ ತೊಡುವವರು 1997ರಲ್ಲಿ ಅಮೆರಿಕದಲ್ಲಿ ಒಂದು ಸಂಘವನ್ನೇ ಕಟ್ಟಿಕೊಂಡರು. ಈಗ ಅದು ಹಲವು ದೇಶಗಳಲ್ಲಿದೆ. ಬೆಂಗಳೂರಿನ ಕಾಮಿಕ್ ಕಾನ್‌ಗೆ ಕವಚ ಮಾಡಿಕೊಳ್ಳುವ ನನ್ನ ತಂಗಿಯ ಮಗ ಪೈಪು ಮುಟ್ಟುವುದಿಲ್ಲ. ಮೆತ್ತನೆ ಫೋಮ್ ಹಾಳೆ, ಬಿಸಿಗಾಳಿಯ ಗನ್ನು. ಅವನು ಮಾಡಿದ್ದು ಸದ್ದಾಗುವುದಿಲ್ಲ, ಬಿದ್ದರೆ ತೂಗುವುದಿಲ್ಲ. ಕಂಕುಳಲ್ಲಿ ಅರ್ಧಚಂದ್ರ ಕೊಯ್ಯುವುದನ್ನು ಮಾತ್ರ ಅವನಿಗೆ ನಾನೇ ಹೇಳಿಕೊಟ್ಟೆ.

ಆ ವರ್ಷದ ಕವಚಗಳು ನಾಟಕ ಮುಗಿದ ಮೇಲೆ ಊರೂರು ಸುತ್ತಿದವು. ಅಂತರಸಂತೆ ಕಡೆಯ ನೆಂಟರು ತಮ್ಮ ನಾಟಕಕ್ಕೆ ಒಯ್ದರು, ಅಲ್ಲಿಂದ ಇನ್ನೊಂದೂರಿಗೆ ಹೋದವು. ಬೇರೆಯವರ ಮೈಗೆ ಅವು ಕೂರಲಿಲ್ಲ ಎಂಬ ದೂರಿನೊಂದಿಗೆ ಸೀಳು ಬಿಟ್ಟುಕೊಂಡು ವಾಪಸಾದವು. ಕಾಲುಪಟ್ಟಿಗಳು ಬದುವಿನ ನೀರು ದಾಟಿಸುವ ದೋಣಿಗಳಾದವು, ಎದೆಕವಚ ಕೋಳಿ ಗೂಡಿನ ಮೇಲೆ ಸೂರಾಯಿತು.

ಈಗ ಕೂತು ನೋಡಿದರೆ ಆ ದಿನಗಳನ್ನು ಹೊಗಳಿ ಬಿಡುವುದು ಅಷ್ಟು ಸುಲಭವಿಲ್ಲ. ಕೆಂಡದ ಮೇಲೆ ಸುಟ್ಟ ಪಿವಿಸಿಯ ಹೊಗೆಯನ್ನು ನಾವೆಲ್ಲ ಕುಡಿದೆವು. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲದ ಅನಿಲ, ಇನ್ನೂ ಕೆಟ್ಟ ವಿಷಗಳೂ ಹುಟ್ಟುತ್ತವೆ. ಕಣ್ಣುರಿ, ಗಂಟಲುರಿಯನ್ನು ನಾವು ಶೌರ್ಯದ ಲೆಕ್ಕಕ್ಕೆ ಸೇರಿಸಿಕೊಂಡಿದ್ದೆವು. ಎಲ್ಲರಿಗಿಂತ ಹೆಚ್ಚು ಕುಡಿದವರು ಕವಚ ಮಾಡಿದವರು. ನಾಟಕದ ರಾತ್ರಿ ಅವರು ಕೂತದ್ದು ಕೇರಿಯವರು ಎಂದಿನಂತೆ ಕೂರುವ ಬದಿಯಲ್ಲಿ. ರಂಗದ ಮೇಲೆ ಹಾರ ಹಾಕಿಸಿಕೊಂಡವರಲ್ಲಿ ಜನರೇಟರಿಗೆ ಡೀಸೆಲ್ ಕೊಟ್ಟವರೂ ಇದ್ದರು, ಕವಚ ಮಾಡಿದವರು ಇರಲಿಲ್ಲ. ಅಪ್ಪನ ವಯಸ್ಸಿನ ಅವರನ್ನು ಊರಿನ ಹುಡುಗರೆಲ್ಲ ಹೆಸರು ಹಿಡಿದು ಕೂಗುತ್ತಿದ್ದರು. ಪಂಪ್‌ಹೌಸಿನ ಮುಂದೆ ‘ಮಗ’ ಎಂದವರು ಊರೊಳಗೆ ಎದುರಾದಾಗ ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲುತ್ತಿದ್ದರು. ಕವಚದಿಂದ ಊರು ಬದಲಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಪ್ಲಾಸ್ಟಿಕ್ ಬಿಸಿಯಿರುವಷ್ಟು ಹೊತ್ತು ಮಾತ್ರ ಊರು ಅವರ ಕೈಯನ್ನು ಒಪ್ಪಿಕೊಂಡಿತ್ತು.

ಆದರೂ ಒಂದು ಮಾತು ನಿಲ್ಲುತ್ತದೆ. ಆ ರಾತ್ರಿ ರಂಗದ ಮೇಲಿದ್ದ ಎಲ್ಲರ ಪೈಕಿ ತನ್ನದೇ ಅಳತೆಯ ಉಡುಪು ಇದ್ದದ್ದು ಕಾಸು ಕೊಡದ ಸೈನಿಕರಿಗೆ. ದುರ್ಯೋಧನನ ಕೋಟನ್ನು ಹಿಂದಿನ ವಾರ ಇನ್ನೊಬ್ಬ ದುರ್ಯೋಧನ ತೊಟ್ಟಿದ್ದ, ಮುಂದಿನ ವಾರ ಮತ್ತೊಬ್ಬ ತೊಡಲಿದ್ದ. ಬಾಡಿಗೆಯವನಿಗೆ ಮೈಯ ಪರಿಚಯ ಬೇಕಿಲ್ಲ. ಮಾಡಿ ತೊಡಿಸುವವನು ನಮ್ಮ ಉಸಿರಿನ ಅಳತೆಯನ್ನೂ ಹಿಡಿಯುತ್ತಾನೆ.

ಇಂದು ನಮ್ಮ ಸುತ್ತಿನ ತಾಲ್ಲೂಕುಗಳಲ್ಲಿ ನಾಟಕ ನಿಂತಿಲ್ಲ, ಖರ್ಚು ಮಾತ್ರ ಏರಿದೆ. ಒಂದು ದೊಡ್ಡ ಪಾತ್ರಕ್ಕೆ ಸಾವಿರಗಟ್ಟಲೆ ಎಣಿಸಬೇಕು. ಈಗ ಸೀನ್ಸ್ ಅಂಗಡಿಗಳ ಕವಚವೂ ಪ್ಲಾಸ್ಟಿಕ್ಕೇ, ಅಚ್ಚಿನಿಂದ ಇಳಿದದ್ದು, ಬಂಗಾರಕ್ಕಿಂತ ಹೆಚ್ಚು ಹೊಳೆಯುವಂಥದು. ಹೆಂಗಸರೇ ಎಲ್ಲ ಪಾತ್ರ ಮಾಡುವ ಕುರುಕ್ಷೇತ್ರಗಳೂ ಮೈಸೂರು ಸೀಮೆಯಲ್ಲಿ ನಡೆದಿವೆ. ಅಂಥದೊಂದನ್ನು ನೋಡಿ ಬಂದ ಅಕ್ಕ, “ಅಭಿಮನ್ಯು ಪಾಪ ಎರಡು ಕಡೆ ಮಾತು ಬಿಟ್ಳು” ಎಂದಳು. ಅವಳಿಗೆ ಆ ಮಾತು ಇನ್ನೂ ನೆನಪಿದೆ.

ನಾಟಕ ಕಲಿಯುವ ಸಮಿತಿಯವರ ಹತ್ತಿರ ನನ್ನದೊಂದು ಕೇಳಿಕೆ. ಕೃಷ್ಣ ದುರ್ಯೋಧನರಿಗೆ ಬಾಡಿಗೆಯೇ ಇರಲಿ. ಸೈನಿಕರ ಕವಚವನ್ನು ಊರಲ್ಲೇ ಮಾಡಿಸಿ. ಕೆಂಡ ಬೇಡ, ಹಂಡೆಯಲ್ಲಿ ಕುದಿಯುವ ನೀರು ಸಾಕು, ಪಿವಿಸಿ ಅದಕ್ಕೇ ಮೆತ್ತಗಾಗುತ್ತದೆ, ಹೊಗೆಯೂ ಇಲ್ಲ. ಬಯಲಿನಲ್ಲೇ ಮಾಡಿ. ಬೆಳೆಗೆ ಹೊಡೆಯುವ ಔಷಧಿಯ ಪ್ಲಾಸ್ಟಿಕ್ ಕ್ಯಾನು ಕೊಯ್ದು ಕವಚ ಮಾಡಬೇಡಿ, ಎಷ್ಟು ತೊಳೆದರೂ ಅದನ್ನು ಮಕ್ಕಳ ಮೈಗೆ ತಾಗಿಸಬೇಡಿ. ಕವಚ ತೊಡುವವರಲ್ಲಿ ಹುಡುಗಿಯರೂ ಇರಲಿ, ಕೇರಿಯ ಮಕ್ಕಳೂ ಇರಲಿ. ಪೈಪು ಹಾಕುವವರೊಬ್ಬರು ಎಲ್ಲ ಊರಲ್ಲೂ ಇದ್ದಾರೆ. ಅವರನ್ನು ಜಗುಲಿಗೆ ಕರೆದು ಕೂರಿಸಿ, ಅವರ ಕೈಯಲ್ಲೇ ಅಳತೆ ತೆಗೆಸಿ. ನಾನು ಹೇಳಿದ ಹಿರಿಯರು ಈ ಬರಹದಲ್ಲಿ ತಮ್ಮ ಹೆಸರು ಬೇಡವೆಂದರು, ಅವರ ಇಷ್ಟದಂತೆ ಬಿಟ್ಟಿದ್ದೇನೆ. ನಿಮ್ಮೂರಿನವರು ಒಪ್ಪಿದರೆ ಕರಪತ್ರದಲ್ಲಿ ಅವರ ಹೆಸರು ಹಾಕಿ. ಕಾಸು ಕೊಟ್ಟ ಕೃಷ್ಣರ ಫೋಟೊಗಳಿಗೆ ಜಾಗ ಸಿಗುವ ಕಾಗದದಲ್ಲಿ ಕವಚ ಮಾಡಿದವರಿಗೆ ಒಂದು ಸಾಲು ಸಿಕ್ಕೇ ಸಿಗುತ್ತದೆ.